ಮರಕ್ಕೆ ಹಾಕಿದ ಕಟ್ಟು

ಜುನಿಪರ್ ಮರ ಕೊಳೆಯುವುದಿಲ್ಲ ಎಂದು ನಮ್ಮೂರಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹೇಳಿಕೊಡುತ್ತಾರೆ. ಇಗರ್ಜಿಯ ಕಂಬ ಜುನಿಪರಿನದು, ಬಾಗಿಲು ಜುನಿಪರಿನದು. ಅಜ್ಜನ ಕಾಲದಲ್ಲಿ ಹೂತ ಬೇಲಿಗೂಟವನ್ನು ಇವತ್ತು ಕಿತ್ತರೂ ತುದಿ ಕೆಂಪಗಿರುತ್ತದೆ, ಮೂಗಿಗೆ ಹಿಡಿದರೆ ಘಮ್ಮೆನ್ನುತ್ತದೆ. ನಾನೂ ನಂಬಿದ್ದೆ. ಕಡಿದ ಮರ ಕೊಳೆಯುವುದಿಲ್ಲ, ಅದು ನಿಜ. ಬದುಕಿರುವ ಮರ ನಿಂತಲ್ಲೇ ಒಳಗೊಳಗೆ ಕೊಳೆಯುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಹೆಸರು ಯೆಶಾರೆಗ್. ಗಿಯೋರ್ಗಿಸ್ ಸಂತನ ಇಗರ್ಜಿ ಇರುವ ಗುಡ್ಡದ ಬುಡದಲ್ಲಿ ನನ್ನ ತೆಲ್ಲಾ ಮನೆ. ಬಾರ್ಲಿ ಹುದುಗಿಸಿ ತೆಲ್ಲಾ ಇಳಿಸುತ್ತೇನೆ. ಕುಡಿಯಲು ಸಿದ್ಧವಾದ ದಿನ ಅಂಗಳದ ಗೂಟದ ತುದಿಗೆ ಒಂದು ತಗಡಿನ ಡಬ್ಬಿಯನ್ನು ಬೋರಲು ಹಾಕುತ್ತೇನೆ. ದಾರಿಹೋಕರು ಡಬ್ಬಿ ಕಂಡರೆ ಒಳಗೆ ಬರುತ್ತಾರೆ, ಕಾಣದಿದ್ದರೆ ಮುಂದೆ ಹೋಗುತ್ತಾರೆ. ನನ್ನ ಬಾಯಿ ಜೋರು ಎಂದು ಊರು ಆಡಿಕೊಳ್ಳುತ್ತದೆ. ನನ್ನ ಗಂಡ ಸತ್ತದ್ದೂ ಆ ಬಾಯಿಂದಲೇ ಅಂತೆ. ಎಳ್ಳಿನ ಕೊಯ್ಲಿಗೆಂದು ತಗ್ಗಿನ ಸೀಮೆಗೆ ಹೋಗಿ ಮಲೇರಿಯಾ ಅಂಟಿಸಿಕೊಂಡು ಬಂದವನು ಹೆಂಡತಿಯ ಬಾಯಿಗೆ ಸತ್ತನಂತೆ. ಇರಲಿ. ಕುಡಿಯುವ ತನಕ ಬೈದು, ಕುಡಿದ ಮೇಲೆ ಹರಸುವ ಜನ.

ನನಗಿದ್ದವಳು ಒಬ್ಬಳೇ ಅಕ್ಕ, ಅಲ್ಗಾನೆಶ್. ಅವಳೂ ವಿಧವೆ. ಆದರೆ ಅವಳು ನನ್ನ ಹಾಗೆ ಗಡಿಗೆ ಹಿಡಿದು ಕೂರಲಿಲ್ಲ. ನಮ್ಮ ಇಗರ್ಜಿಯ ಹಿರಿಯ ಪಾದ್ರಿ ಅಬಾ ತೆನ್ಸಾಯ್ ಅವರ ಕೈಯಿಂದ ಸನ್ಯಾಸದ ಟೋಪಿ ಹಾಕಿಸಿಕೊಂಡು ಇಗರ್ಜಿಯ ಬೇಲಿಯೊಳಗೆ ಹೋಗಿಬಿಟ್ಟಳು. ಊರಿಗೆಲ್ಲ ಎಮ್ಮಾಹೋಯ್, ಅಂದರೆ ಸನ್ಯಾಸಿನಿ ಅಮ್ಮ, ಆದಳು. ಇಗರ್ಜಿಯ ಹಿಂದೆ ಎಲ್ಲಕ್ಕಿಂತ ದೊಡ್ಡ ಜುನಿಪರ್ ಮರದ ಕೆಳಗೆ ಅಬಾ ಅವಳಿಗೊಂದು ಗುಡಿಸಲ ಜಾಗ ತೋರಿಸಿದರು. ಅಲ್ಲಿ ಕೂತು ದೀಪದ ಬತ್ತಿಗೆ ಹತ್ತಿ ನೂಲುತ್ತಿದ್ದಳು. ನಾನು ಎರಡು ದಿನಕ್ಕೊಮ್ಮೆ ಗುಡ್ಡ ಹತ್ತಿ ಇಂಜೆರಾ ರೊಟ್ಟಿ, ಕಾಳಿನ ಸಾರು ಕೊಟ್ಟು, ಜಗಳ ಆಡಿ ಬರುತ್ತಿದ್ದೆ. ಜಗಳ ಆಡದೆ ಬಂದರೆ ಅವಳಿಗೂ ಸಮಾಧಾನ ಇರುತ್ತಿರಲಿಲ್ಲ.

ಆ ಮರದ ಮೈಮೇಲೆ ಅಣಬೆಗಳು ಎದ್ದಿದ್ದವು. ಮಳೆಗೆ ಎದ್ದು ಬಿಸಿಲಿಗೆ ಕರಗುವ ಅಣಬೆಯಲ್ಲ. ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಗುವ, ಮೇಲೆ ಕಪ್ಪಗೆ ಬಿರುಕು ಬಿಟ್ಟ, ಕುದುರೆಯ ಗೊರಸಿನಂಥ ಅಣಬೆ. ನಮ್ಮ ಸಂತ ಗಿಯೋರ್ಗಿಸ್ ಕುದುರೆ ಸವಾರ ತಾನೆ? ಅವನ ಕುದುರೆ ಆ ಮರ ಹತ್ತಿ ಸ್ವರ್ಗಕ್ಕೆ ಹೋಯಿತು, ಇವು ಅದರ ಗೊರಸಿನ ಗುರುತು ಎಂದು ಯಾವಳೋ ಹೇಳಿದಳು. ಸಾಕು. ಹೆಂಗಸರು ಒಂದೊಂದು ಗೊರಸಿನ ಮೇಲೂ ಮೇಣದ ಬತ್ತಿ ಅಂಟಿಸಿದರು, ಬಸುರಿಯರು ಬಂದು ಹಣೆ ಹಚ್ಚಿದರು. ಅಣಬೆ ಒಡೆದರೆ ಒಳಗೆಲ್ಲ ಇಟ್ಟಿಗೆ ಬಣ್ಣ. ಅದರ ಕೆಂಪು ಪುಡಿ ಅಕ್ಕನ ಸೂರಿನ ಮೇಲೆ, ಹತ್ತಿಯ ಮೇಲೆ ಉದುರುತ್ತಿತ್ತು. ಅವಳು ಅದನ್ನು ಬೆರಳಲ್ಲಿ ತೆಗೆದು ಹಣೆಗೆ ಇಟ್ಟುಕೊಳ್ಳುತ್ತಿದ್ದಳು.

ಒಂದು ದಿನ ನಾನು ಕಾಳು ಕುಟ್ಟುವ ಒನಕೆಯನ್ನು ಆ ಬುಡಕ್ಕೆ ಒರಗಿಸಲು ಹೋದಾಗ ಅದು ಸ್ವಲ್ಪ ಜೋರಾಗಿ ತಗುಲಿತು. ಸದ್ದು ಕೇಳಿ ಬುಡಕ್ಕೆ ಕಿವಿ ಇಟ್ಟು ಇನ್ನೊಮ್ಮೆ ಬಡಿದೆ. ಖಾಲಿ ತೆಲ್ಲಾ ಗಡಿಗೆಗೆ ಬಡಿದರೆ ಬರುವ ಸದ್ದು. ತುಂಬಿದ್ದು ಯಾವುದು, ಖಾಲಿ ಯಾವುದು ಎಂದು ನನಗೆ ಯಾರು ಹೇಳಿಕೊಡಬೇಕು? ಸುತ್ತ ಬಡಿದು ನೋಡಿದೆ. ಎಲ್ಲ ಕಡೆಯೂ ಅದೇ. ಮೇಲೆ ನೋಡಿದರೆ ಹಸಿರು ಟೊಂಗೆ, ಮರ ಗುಡಿಸಲ ಕಡೆಗೆ ವಾಲಿತ್ತು.

"ಅಕ್ಕಾ, ಇದು ಟೊಳ್ಳು ಕಣೇ. ಬಾ, ನನ್ ಮನೆಗೆ ಬಂದ್ಬಿಡು" ಎಂದೆ.

"ನಿನ್ ಮನೇಲಿ ಕುಡುಕರ ಮಧ್ಯೆ ಕೂತು ಜಪ ಮಾಡ್ಲೇನೆ? ಜುನಿಪರ್ ಕೊಳೆಯಲ್ಲ, ಹೋಗೆ. ಈ ಜಾಗ ಅಬಾ ತೋರಿಸಿದ್ದು. ಇಲ್ಲೇ ಇರ್ತೀನಿ, ಇಲ್ಲೇ ಸಾಯ್ತೀನಿ ಅಂತ ಟೋಪಿ ಹಾಕಿಸ್ಕೊಂಡಿದ್ದು."

ಸನ್ಯಾಸಿನಿಯನ್ನು ಎಬ್ಬಿಸಲು ಆಗದಿದ್ದರೆ ಮರವನ್ನಾದರೂ ಕಡಿಸಬೇಕಿತ್ತು. ಆದರೆ ಆ ಮರಕ್ಕೆ ಕಟ್ಟು ಇತ್ತು.

ಕಟ್ಟಿನ ಕಥೆ ಹೇಳದಿದ್ದರೆ ಮುಂದಿನದು ತಿಳಿಯದು. ಹಳೇ ಸರ್ಕಾರ ಬಿದ್ದು ಹೊಸದು ಇನ್ನೂ ಬಾರದ ವರ್ಷ, ಹೇಳುವವರು ಕೇಳುವವರು ಇಲ್ಲದೆ ಜನ ಗುಡ್ಡಗಳ ಮೇಲೆ ಬಿದ್ದರು. ಸುತ್ತಲಿನ ಜುನಿಪರ್ ಎಲ್ಲ ಕಂಬವಾಗಿ ಪೇಟೆಗೆ ಹೋಯಿತು. ಕೊನೆಗೆ ಕೊಡಲಿ ಹಿಡಿದು ಇಗರ್ಜಿಯ ಬೇಲಿಯೊಳಗೂ ನುಗ್ಗಿದರು. ಆಗ ಅಬಾ ತೆನ್ಸಾಯ್ ಕೈಶಿಲುಬೆ ಎತ್ತಿ ಬಾಗಿಲಲ್ಲಿ ನಿಂತರು. "ಈ ಬೇಲಿಯೊಳಗಿನ ಜುನಿಪರಿಗೆ ಕಬ್ಬಿಣ ತಾಗಬಾರದು. ತಾಗಿಸಿದೋನು ಹೊರಗಿನೋನು. ನೋಡ್ಕೊಂಡು ಸುಮ್ನಿದ್ದೋನೂ ಹೊರಗಿನೋನು. ಅವನು ಸತ್ರೆ ಮಂತ್ರ ಇಲ್ಲ, ಈ ಬೇಲಿಯೊಳಗೆ ಮಣ್ಣಿಲ್ಲ. ನನ್ ಬಾಯಿ ಬಿಚ್ಚೋ ತನಕ ಈ ಕಟ್ಟು ಇರುತ್ತೆ" ಎಂದರು. ಕೊಡಲಿ ಹಿಡಿದವರು ಹಾಗೇ ಹಿಂದಕ್ಕೆ ಸರಿದರು. ಇವತ್ತು ಸುತ್ತ ಎಲ್ಲ ಬೋಳು ಗುಡ್ಡ, ನಮ್ಮದೊಂದೇ ಹಸಿರು ಎಂದರೆ ಅದು ಆ ಒಂದು ಮಾತಿನಿಂದ. ನಾನು ಅವರನ್ನು ಎಂದೂ ಬೈದಿಲ್ಲ. ನನ್ನ ಬಾಯಿಂದ ತಪ್ಪಿಸಿಕೊಂಡ ಗಂಡಸು ಅವರೊಬ್ಬರೇ.

ನಮ್ಮಲ್ಲಿ ಕಟ್ಟಿದ ಬಾಯೇ ಬಿಚ್ಚಬೇಕು. ಬೇರೆಯವರು ಬಿಚ್ಚುವಂತಿಲ್ಲ. ನಾನು ಮರ ಬಡಿದು ನೋಡಿದ್ದಕ್ಕೆ ಹಿಂದಿನ ವರ್ಷವೇ ಅಬಾಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಬಾಯಿ ಮೂರೂ ಹೋದವು. ಸೊಸೆಯ ಮನೆಯಲ್ಲಿ ಹಗ್ಗದ ಮಂಚದ ಮೇಲೆ ಮಲಗಿದ್ದರು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಲು ಮಾತ್ರ ಆಗುತ್ತಿರಲಿಲ್ಲ.

ನಾನು ಅವರ ಬಳಿ ಹೋಗಿ ಮರ ಟೊಳ್ಳಾಗಿದೆ, ಅಕ್ಕ ಏಳುತ್ತಿಲ್ಲ, ಕಟ್ಟು ಬಿಚ್ಚಿ ಎಂದು ಕಾಲು ಹಿಡಿದೆ. ಅವರು ಬಾಯಿ ತೆರೆದರು. 'ಅ' ಎನ್ನುವ ಸದ್ದು ಬಂತು, ಜೊಲ್ಲು ಬಂತು. ಮತ್ತೆ ಮತ್ತೆ ಪ್ರಯತ್ನಿಸಿದರು. ಕೊನೆಗೆ ಎಡಗೈಯನ್ನು ಗಾಳಿಯಲ್ಲಿ ಬಿಡಿಸಿ ತೋರಿಸಿದರು, ಗಂಟು ಬಿಚ್ಚುವ ಹಾಗೆ. ಸೊಸೆಯೂ ನೋಡಿದಳು. ನಾನು ಕುಣಿದುಕೊಂಡು ಗುಡ್ಡ ಹತ್ತಿ ಹೊಸ ಪಾದ್ರಿ ಯಿಗ್ಜಾವ್ ಅವರಿಗೆ ಹೇಳಿದೆ. ಅವರು ಚಿಕ್ಕ ವಯಸ್ಸಿನವರು, ಕೆಟ್ಟವರೇನಲ್ಲ, ಪುಕ್ಕಲು. ಅಬಾ ಕಟ್ಟಿದ್ದು ಬಾಯಿಂದ, ಕೈಯಿಂದಲ್ಲ ಎಂದರು. ಕಾಯಿಲೆ ಬಿದ್ದವರ ಎಡಗೈ ಆಡಿದ್ದನ್ನೆಲ್ಲ ಅಪ್ಪಣೆ ಎಂದುಕೊಂಡರೆ ನಾಳೆ ಗುಡ್ಡವೇ ಬೋಳಾಗುತ್ತದೆ ಎಂದರು. ಮೇಲಿನವರನ್ನು ಕೇಳೋಣ, ಉಪವಾಸದ ದಿನಗಳು ಕಳೆಯಲಿ ಎಂದರು.

"ಮರಕ್ಕೆ ಉಪವಾಸ ಗೊತ್ತಿದ್ಯಾ ಫಾದರ್?" ಎಂದು ಕೇಳಿ ಬಂದೆ.

ಆಗಸ್ಟ್ ತಿಂಗಳ ದೇವಮಾತೆಯ ಉಪವಾಸದ ನಡುವೆ, ಆಲಿಕಲ್ಲು ಸಮೇತ ಮಳೆ ಸುರಿದ ಮರುದಿನ ಬೆಳಿಗ್ಗೆ, ಮರ ಬಿತ್ತು. ನಾನು ಅಂಗಳ ಗುಡಿಸುತ್ತಿದ್ದೆ. ಗಾಳಿಯೇ ಇರಲಿಲ್ಲ. ಗುಡ್ಡದ ಮೇಲಿಂದ ದೊಡ್ಡ ಚೀಲ ಎತ್ತಿ ಒಗೆದಂಥ ಸದ್ದು ಬಂತು. ಪೊರಕೆ ಎಸೆದು ಓಡಿದೆ.

ಮರ ಆಳೆತ್ತರದಲ್ಲಿ ಮುರಿದು ಗುಡಿಸಲ ಮೇಲೆ ಅಡ್ಡ ಬಿದ್ದಿತ್ತು. ತುದಿಯ ಟೊಂಗೆಗಳು ಇಗರ್ಜಿಯ ಕಲ್ಲುಗೋಡೆಗೆ ಸಿಕ್ಕಿಕೊಂಡಿದ್ದವು. ಮೇಣದ ಬತ್ತಿ ಅಂಟಿಸಿದ ಒಂದು ಗೊರಸು ಕಿತ್ತು ಬಾಗಿಲಲ್ಲಿ ಬಿದ್ದಿತ್ತು. ಅಕ್ಕ ಸೊಂಟದಿಂದ ಕೆಳಗೆ ಮರದ ಅಡಿಯಲ್ಲಿದ್ದಳು. ಬದುಕಿದ್ದಳು. ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿದಳು.

"ಬಂದ್ಯಾ" ಎಂದಳು. "ಈಗ ನಾನ್ ಹೇಳ್ಲಿಲ್ವಾ ಅಂತ ಶುರು ಮಾಡ್ಬೇಡ."

ಇಗರ್ಜಿಯಲ್ಲಿ ಓದುವ ಹುಡುಗರು, ಪೂಜೆಗೆ ಬಂದವರು, ಕೆಳಗಿನ ಮನೆಗಳ ಗಂಡಸರು ಎಲ್ಲ ಸೇರಿದರು. ಊರಲ್ಲಿ ಯಾರು ಸತ್ತರೂ ಚಪ್ಪರ, ಮಣ್ಣು ನೋಡಿಕೊಳ್ಳುವ ಸಾವಿನ ಸಂಘದ ಯಜಮಾನ ಶಿಬೆಶಿ ಮುಂದೆ ನಿಂತು ಕೆಲಸ ಹಂಚಿದ. ಮರದ ಸನ್ನೆಕೋಲು ಹಾಕಿ ಮೀಟಿದರು, ಕೋಲು ಮುರಿಯಿತು. ಹಗ್ಗ ಕಟ್ಟಿ ಎಳೆದರು. ತುದಿ ಗೋಡೆಗೆ ಸಿಕ್ಕಿದ್ದರಿಂದ ಮರ ಅಲುಗಲಿಲ್ಲ, ಅಲುಗಿದಾಗ ಅಕ್ಕ ಕಿರುಚಿದಳು. ಅಕ್ಕನ ಎರಡೂ ಪಕ್ಕ ತುಂಡರಿಸಿ ನಡುವಿನದನ್ನು ಎತ್ತಬೇಕು, ಬೇರೆ ದಾರಿಯಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ನಮ್ಮೂರ ಗಂಡಸರು ಕೊಡಲಿ ಹಿಡಿಯದೆ ಮನೆ ಬಿಟ್ಟು ಹೊರಡುವವರಲ್ಲ. ಆವತ್ತೂ ತಂದಿದ್ದರು. ತಂದು ಬೇಲಿಯ ಬುಡದಲ್ಲಿ ಸಾಲಾಗಿ ಮಲಗಿಸಿ, ಬರಿಗೈಯಲ್ಲಿ ಬಂದು ನಿಂತಿದ್ದರು.

ನಾವು ಹೆಂಗಸರು ಮರದ ಮುರಿದ ಬಾಯಿಯಿಂದ ಕೈ ಹಾಕಿ ಒಳಗಿನದನ್ನು ತೆಗೆಯತೊಡಗಿದೆವು. ಕಟ್ಟು ಇದ್ದದ್ದು ಕಬ್ಬಿಣಕ್ಕೆ, ಬರಿಗೈಗೆ ಇಲ್ಲವಲ್ಲ. ಹೊರಗೆ ಅಷ್ಟು ಭವ್ಯವಾದ ಮರ, ಒಳಗೆ ಹುಳ ಹಿಡಿದ ಹಳೇ ರೊಟ್ಟಿ. ಕೆಂಪು ತಿರುಳಿನ ತುಂಬ ಬಿಳಿ ಬಿಳಿ ಗೂಡು, ಹಿಡಿದರೆ ಮುಷ್ಟಿಯಲ್ಲಿ ಪುಡಿ. ಸೋರೆ ಬುರುಡೆಯಲ್ಲಿ, ಕೊಂಬಿನ ಬಟ್ಟಲಲ್ಲಿ ಬಾಚಿ ಬಾಚಿ ಹಾಕಿದೆವು. ಬೇಗ ಮುಗಿಯಿತು. ಆಮೇಲೆ ಗೇಣು ದಪ್ಪದ ಗಟ್ಟಿ ಮರ ಸಿಕ್ಕಿತು, ಹಸಿಯದು, ಕಲ್ಲಿನಂಥದು. ಅಕ್ಕನ ಮೇಲೆ ಕೂತಿದ್ದದ್ದು ಅದೇ. ನನ್ನ ಉಗುರು ಕಿತ್ತು ರಕ್ತ ಬಂತು, ಮರಕ್ಕೆ ಗೀರೂ ಬೀಳಲಿಲ್ಲ.

ನಾನು ಎದ್ದು ಬೇಲಿಯ ಬಳಿ ಹೋಗಿ ಒಂದು ಕೊಡಲಿ ಎತ್ತಿದೆ. ನಾಲ್ಕು ಜನ ಹಿಡಿದುಕೊಂಡರು. ಶಿಬೆಶಿಯ ತೋಳನ್ನು ಕಚ್ಚಿದೆ, ಬಿಡಲಿಲ್ಲ. ಅವನ ಮೇಲೆ ನನಗೆ ಆಗಿನ ಸಿಟ್ಟು ಇವತ್ತಿಗೂ ಇದೆ, ಆದರೆ ಅವನ ಕಣ್ಣಲ್ಲಿ ನೀರಿತ್ತು ಎನ್ನುವುದನ್ನೂ ಹೇಳಬೇಕು.

"ನೀನೊಬ್ಳೇ ಹೊರಗಾದ್ರೆ ಬಿಡ್ತಿದ್ದೆ ಕಣಮ್ಮ" ಎಂದ. "ನೋಡ್ಕೊಂಡು ಸುಮ್ನಿದ್ದೋನೂ ಹೊರಗೆ ಅಂತ ಕಟ್ಟು. ಇಲ್ಲಿ ನನ್ ಮಕ್ಕಳೂ ನಿಂತವ್ರೆ."

"ನಿನ್ ಮಕ್ಕಳ್ನ ಮನೆಗ್ ಕಳ್ಸೋ! ಕಣ್ ಮುಚ್ಕೊಳ್ಳಿ ಎಲ್ರೂ!"

ಅಕ್ಕನೇ ಅಡ್ಡ ಬಂದಳು. ದನಿ ಸಣ್ಣಗಾಗಿತ್ತು. ಕೊಡಲಿ ಎತ್ತಬೇಡ, ಇಷ್ಟು ಜನರನ್ನು ಹೊರಗೆ ಹಾಕಿಸಿ ನಾನು ಬದುಕಿ ಏನು ಮಾಡಲಿ ಎಂದಳು. ಆಮೇಲೆ ನನ್ನನ್ನು ಹತ್ತಿರ ಕರೆದು, ಯಾರಿಗೂ ಕೇಳದ ಹಾಗೆ, "ತುಂಬ ನೋಯ್ತಿದೆ ಕಣೇ" ಎಂದಳು. ದೇವರನ್ನೂ ಬೈದೆ, ಗಿಯೋರ್ಗಿಸನ ಕುದುರೆಯನ್ನೂ ಬೈದೆ.

ಪಾದ್ರಿ ಯಿಗ್ಜಾವ್ ಆಗ ಒಂದು ಒಳ್ಳೆಯ ಕೆಲಸ ಮಾಡಿದರು. ಅಬಾರನ್ನು ಹೊತ್ತು ತನ್ನಿ, ದೇವರು ಮನಸ್ಸು ಮಾಡಿದರೆ ಬಾಯಿ ಬಂದೀತು ಎಂದು ಓದುವ ಹುಡುಗರನ್ನು ಓಡಿಸಿದರು. ಗುಡ್ಡದ ದಾರಿ ಕೆಸರು. ಮಂಚ ಹೊತ್ತು ಅವರು ಮೇಲೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅಷ್ಟು ಹೊತ್ತೂ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಅವಳ ತುಟಿ ಬಿಳಿಚಿಕೊಂಡಿತ್ತು, ಹಣೆಯ ಮೇಲೆ ಕೆಂಪು ಪುಡಿ ಹಾಗೇ ಇತ್ತು. ನಾನು ಒರೆಸಿಬಿಟ್ಟೆ.

ಅಬಾರನ್ನು ಮರದ ಪಕ್ಕ ಇಳಿಸಿದರು. ಅವರು ಅಕ್ಕನನ್ನು ನೋಡಿದರು, ಮರದ ಬಾಯಿಂದ ನಾವು ತೆಗೆದು ಹಾಕಿದ ಪುಡಿಯ ರಾಶಿಯನ್ನು ನೋಡಿದರು. ಎಲ್ಲರೂ ಮಂಡಿಯೂರಿದರು. ಅಬಾ ಬಾಯಿ ತೆರೆದರು. ಅಷ್ಟು ಜನ ಉಸಿರು ಹಿಡಿದು ಆ ಬಾಯಿಯನ್ನೇ ನೋಡುತ್ತಿದ್ದೆವು. ಕುತ್ತಿಗೆಯ ನರ ಉಬ್ಬಿತು. ಬಂದದ್ದು ಅದೇ 'ಅ', ಅದೇ ಜೊಲ್ಲು. ಮತ್ತೊಮ್ಮೆ. ಮತ್ತೊಮ್ಮೆ. ಯಾರೋ ಅಳತೊಡಗಿದರು. ಪಾದ್ರಿ ತಲೆ ತಗ್ಗಿಸಿದರು.

ಆಗ ಅಬಾ ಎಡಗೈ ಚಾಚಿ ಬೇಲಿಯ ಕಡೆ ತೋರಿಸಿದರು. ಯಾರೂ ಕದಲಲಿಲ್ಲ. ಮಂಚದಿಂದ ಉರುಳಿ ಕೆಸರಿಗೆ ಬಿದ್ದು, ಎಡಮೊಣಕೈ ಊರಿಕೊಂಡು ತೆವಳತೊಡಗಿದರು. ತಡೆಯುವವರು ಯಾರು? ಕಟ್ಟು ಅವರದೇ, ಗುಡ್ಡ ಅವರು ಉಳಿಸಿದ್ದು. ಅವರ ಮೈಮೇಲೆ ಕೈ ಹಾಕುವ ಎದೆ ಯಾರಿಗಿತ್ತು? ಬೇಲಿಯ ಬುಡದಿಂದ ಒಂದು ಕೊಡಲಿ ಎಳೆದುಕೊಂಡು ಹಾಗೇ ತೆವಳಿ ವಾಪಸು ಬಂದರು. ಮರಕ್ಕೆ ಬಲಭುಜ ಒರಗಿಸಿ ಕೂತು, ಎಡಗೈಯಲ್ಲಿ ಎತ್ತಿ ಹೊಡೆದರು. ಮಗು ಆಟಕ್ಕೆ ಹೊಡೆದಷ್ಟು. ಒಂದು ಸಣ್ಣ ಚಕ್ಕೆ ಎದ್ದಿತು. ಕೊಡಲಿ ಕೈ ಜಾರಿ ಬಿತ್ತು, ಮತ್ತೆ ಎತ್ತಿಕೊಂಡರು. ಕಣ್ಣಿಂದ ನೀರು ಸುರಿಯುತ್ತಿತ್ತು. ಗಂಡಸರತ್ತ ನೋಡಿ ಕೂಗಿದರು, ಅದೇ 'ಅ'.

ಮೊದಲು ಎದ್ದವನು ಶಿಬೆಶಿ. ಅವನ ಹಿಂದೆ ಎಲ್ಲರೂ. ಆಮೇಲೆ ಎಷ್ಟು ಬೇಗ ಆಯಿತು ಎಂದರೆ ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಒಂದು ಬಟ್ಟಲು ಕಾಫಿ ಕುಡಿಯುವ ಹೊತ್ತೂ ಹಿಡಿಯಲಿಲ್ಲ. ಟೊಳ್ಳು ಮರ ತಾನೆ? ಎರಡು ಕಡೆ ತುಂಡಾಯಿತು, ನಡುವಿನದನ್ನು ಎತ್ತಿ ಪಕ್ಕಕ್ಕೆ ಎಸೆದರು.

ಭಾರ ಹೋದ ಕೂಡಲೇ ಅಕ್ಕ ದೊಡ್ಡ ಉಸಿರು ತೆಗೆದಳು. ನೀರು ಕೇಳಿದಳು, ಎರಡು ಗುಟುಕು ಕುಡಿದಳು. ಅಬಾರ ಕೆಸರು ಮೆತ್ತಿದ ಕೈಯನ್ನು ಹಿಡಿದು ಮುತ್ತಿಟ್ಟಳು. ನಾವೆಲ್ಲ ಬದುಕಿದಳು ಅಂದುಕೊಂಡೆವು. ಅದೇ ಮಂಚದ ಮೇಲೆ ಮಲಗಿಸಿ ಬೇಲಿಯ ಬಾಗಿಲು ದಾಟುವ ಮೊದಲೇ ಅವಳ ಕೈ ತಣ್ಣಗಾಯಿತು. ಬೆಳಿಗ್ಗೆಯೇ ತೆಗೆದಿದ್ದರೆ ಉಳಿಯುತ್ತಿದ್ದಳೇ ಎಂದು ನನ್ನನ್ನು ಕೇಳಬೇಡಿ. ನನ್ನ ಉತ್ತರ ನಿಮಗೆ ಗೊತ್ತು.

ಅವಳಿಗೆ ಪೂರ್ತಿ ಮಂತ್ರ ಹೇಳಿ ಬೇಲಿಯೊಳಗೇ ಮಣ್ಣು ಮಾಡಿದರು. ಅವಳು ಕೊಡಲಿ ಮುಟ್ಟಿರಲಿಲ್ಲ, ಎತ್ತಬೇಡ ಎಂದೂ ಹೇಳಿದ್ದಳಲ್ಲ.

ಆಮೇಲೆ ಊರಿಗೆ ಭಯ ಹತ್ತಿತು. ಅಬಾ ಮಾಡಿದ್ದು ಕಟ್ಟು ಬಿಚ್ಚಿದ್ದೋ, ಕಟ್ಟು ಮುರಿದದ್ದೋ? ಬಿಚ್ಚಿದ್ದಾದರೆ ಯಾರ ತಪ್ಪೂ ಇಲ್ಲ. ಮುರಿದದ್ದಾದರೆ ಕೊಡಲಿ ಹಿಡಿದವರೂ ನೋಡಿದವರೂ ಎಲ್ಲ ಹೊರಗೆ. ಪಾದ್ರಿ ಯಿಗ್ಜಾವ್ ತುಂಬ ದಿನ ಯೋಚಿಸಿ, ಯಾರಿಗೆ ಅನುಮಾನ ಇದೆಯೋ ಅವರು ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದು, ತಾನು ಒಳಗೆ ಸೇರಿಸಿಕೊಳ್ಳುತ್ತೇನೆ ಎಂದರು. ಎಲ್ಲರಿಗೂ ಅನುಮಾನ ಬಂತು. ಒಬ್ಬೊಬ್ಬರಾಗಿ ಹೋಗಿ ಅಡ್ಡಬಿದ್ದು, ಕಟ್ಟು ಮುರಿದೆವು ಎಂದು ಹೇಳಿ ಒಳಗಾದರು. ಶಿಬೆಶಿಯೂ ಹೋದ. ನಾನು ಬೀದಿಯಲ್ಲಿ ನಿಂತು ಹೇಳಿದೆ: ನೀವು ಮುರಿದೆವು ಅಂದರೆ ಮೊದಲು ಮುರಿದವರು ಅಬಾ ಅಂತ ಆಗುತ್ತದೆ, ಅವರಿಗೆ ಬಾಯಿಲ್ಲ, ತಪ್ಪಾಯಿತು ಅನ್ನಲೂ ಬಾರದು, ಹತ್ತು ಜನ ಹೋಗಿ ಅಬಾ ಕಟ್ಟು ಬಿಚ್ಚಿದರು ಅನ್ನಿ. ನನ್ನ ತೆಲ್ಲಾ ಕುಡಿದು ಬೆಳೆದ ಮುಖಗಳು ಅತ್ತ ಇತ್ತ ತಿರುಗಿಕೊಂಡವು. ನಾನೊಬ್ಬಳೇ ಹೋಗಿ ಹೇಳಿದೆ. ಹೆಂಡದ ಮನೆ ಹೆಂಗಸಿನ ಮಾತಿಗೆ ಇಗರ್ಜಿಯಲ್ಲಿ ಎಷ್ಟು ತೂಕ?

ಸೆಪ್ಟೆಂಬರಿನ ಶಿಲುಬೆಯ ಹಬ್ಬಕ್ಕೆ ಮೊದಲೇ ಅಬಾ ತೀರಿಕೊಂಡರು. ಮಂತ್ರ ಹೇಳಲಿಲ್ಲ. ಸಾವಿನ ಸಂಘದವರು ಚಪ್ಪರ ಹಾಕಲಿಲ್ಲ. ಅವರೇ ಉಳಿಸಿದ ಮರಗಳ ಬೇಲಿಯ ಹೊರಗೆ, ದಾರಿಯ ಪಕ್ಕ ಗುಂಡಿ ತೋಡಿದರು. ಶಿಲುಬೆ ನೆಡಕೂಡದು ಎಂದರು. ಸೊಸೆ ಅತ್ತಳು, ಓದುವ ಹುಡುಗರು ದೂರದಲ್ಲಿ ನಿಂತು ತುಟಿ ಆಡಿಸಿದರು. ಶಿಬೆಶಿ ಬಂದು ಮಣ್ಣು ಹಾಕಿದ, ನನ್ನ ಮುಖ ನೋಡಲಿಲ್ಲ.

ಆ ಸಂಜೆ ನಾನು ಅಂಗಳದ ಗೂಟ ಕಿತ್ತೆ. ಡಬ್ಬಿ ಸಮೇತ ಹೊತ್ತುಕೊಂಡು ಗುಡ್ಡ ಹತ್ತಿ ಅಬಾರ ತಲೆಯ ಕಡೆ ನೆಟ್ಟೆ. ಗೋರಿ ಎಲ್ಲಿ ಎಂದಾದರೂ ಗೊತ್ತಾಗಲಿ. ಶಿಲುಬೆ ಇಡಬಾರದು ಎಂದು ಹೇಳಿದ್ದರು, ಡಬ್ಬಿ ಇಡಬಾರದು ಎಂದು ಯಾವ ಗ್ರಂಥದಲ್ಲೂ ಬರೆದಿಲ್ಲ. ಪಾದ್ರಿ ಬಂದು ನೋಡಿ ಹೋದರು, ಕೀಳಿಸಲಿಲ್ಲ. ಅವತ್ತಿನಿಂದ ನಾನು ತೆಲ್ಲಾ ಇಳಿಸಿಲ್ಲ. ಆ ಗಂಡಸರು ಪಕ್ಕದೂರಿಗೆ ನಡೆದು ಕುಡಿದು ಬರುತ್ತಾರೆ. ಮರದ ತುಂಡುಗಳು ಈಗಲೂ ಗುಡಿಸಲ ಜಾಗದಲ್ಲೇ ಬಿದ್ದಿವೆ. ಚಳಿಗಾಲದಲ್ಲಿ ಸಗಣಿ ಬೆರಣಿಗೂ ಪರದಾಡುವ ಜನ ಅದರ ಒಂದು ಚಕ್ಕೆ ಮುಟ್ಟುವುದಿಲ್ಲ. ಅವುಗಳ ಮೇಲಿನ ಗೊರಸುಗಳು ಇನ್ನೂ ಹಾಗೇ ಇವೆ, ಬತ್ತಿ ಅಂಟಿಸಲು ಮಾತ್ರ ಯಾರೂ ಬರುವುದಿಲ್ಲ.

ದಾರಿ ತಿಳಿಯದ ಪರವೂರಿನವರು ಒಮ್ಮೊಮ್ಮೆ ಡಬ್ಬಿ ಕಂಡು ಅಲ್ಲಿ ನಿಲ್ಲುತ್ತಾರೆ. ಹಿಂದಿನ ಸಂತೆಯ ದಿನ ಕತ್ತೆ ಹೊಡೆದುಕೊಂಡು ಬಂದ ಉಪ್ಪಿನ ವ್ಯಾಪಾರಿಯೊಬ್ಬ ಸುತ್ತ ಮನೆ ಹುಡುಕಿ, ಗೋರಿಯ ಹುಲ್ಲು ಕೀಳುತ್ತಿದ್ದ ನನ್ನನ್ನು ಕೇಳಿದ.

"ಅಮ್ಮಾ, ಡಬ್ಬಿ ಹಾಕಿದ್ದೀರಿ. ಕುಡಿಯೋಕೆ ಏನಾದ್ರೂ ಉಂಟಾ?"

"ಇತ್ತಪ್ಪ" ಎಂದೆ. "ಕೈಯೆತ್ತಿ ಕೊಡೋರು ಇವ್ರೊಬ್ರೇ ಇದ್ರು. ಬಾಯಿ ಬರ್ತಿರ್ಲಿಲ್ಲ ಅಂತ ಊರೋರು ಮಣ್ಣು ಹಾಕ್ಬಿಟ್ರು."